ಹೂಂ ಅಂದರೆ ಹೌದಲ್ಲ

ಸಿಂಗಾಪುರದಲ್ಲಿ ಯಾರೂ ಕೊಡದೆ ತಾನಾಗಿ ಗಂಟುಬಿದ್ದ ಉದ್ಯೋಗ ಒಂದು ನನಗಿತ್ತು. ಕನ್ನಡ ಬಿಟ್ಟು ಬೇರೇನೂ ಬಾರದವರು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನಮ್ಮ ಮನೆಯ ಫೋನ್ ಬಡಿದುಕೊಳ್ಳುತ್ತಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಬಿಶಾನ್‌ನಲ್ಲಿ ಹನ್ನೊಂದನೇ ಮಹಡಿಯ ಫ್ಲ್ಯಾಟು, ಎಂಜಿನಿಯರ್ ಗಂಡ, ಸ್ಕೂಲಿಗೆ ಹೋಗುವ ಮಗಳು, ಮತ್ತು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದು ಗಂಡನ ಕೆಲಸದ ಪಾಸಿನ ಬಾಲ ಹಿಡಿದು ಬಂದು ಇಲ್ಲಿ ಅಡುಗೆಮನೆ ಸೇರಿದ್ದ ನಾನು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಶನಿವಾರ ಬೆಳಿಗ್ಗೆ ನಮ್ಮ ಕಟ್ಟಡದ ಕೆಳಗೆ, ವಾಯ್ಡ್ ಡೆಕ್ ಅನ್ನುವ ಆ ಗೋಡೆಯಿಲ್ಲದ ನೆಲಮಹಡಿಯಲ್ಲಿ, ಚಾಪೆ ಹಾಸಿ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಅಂತ ಬರೆಸಿದರೆ ಒಬ್ಬಳು, “ಆಂಟಿ, ಕೈ ತೊಳ್ಕೊಂಡು ತಿನ್ಬೇಕು ಲಾ” ಅಂದಿದ್ದಳು, ಸಿಂಗಾಪುರದವರ ‘ಲಾ’ ಬಾಲ ಸೇರಿಸಿ.

ಆ ಕ್ಲಾಸಿನ ನೋಟೀಸಿನಲ್ಲಿ ನನ್ನ ನಂಬರ್ ಇತ್ತು. ಅದು ಕೈಯಿಂದ ಕೈಗೆ ದಾಟಿ ಎಲ್ಲೆಲ್ಲಿಗೆ ಹೋಗಿತ್ತೋ ದೇವರೇ ಬಲ್ಲ. ಒಮ್ಮೆ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಹೊಟ್ಟೆ ಉರಿಯುತ್ತಿದೆ ಅಂದದ್ದನ್ನು ಯಾರೋ ಪುಣ್ಯಾತ್ಮ ಡಾಕ್ಟರಿಗೆ ಅಸೂಯೆ ಅಂತ ತಿಳಿಸಿಬಿಟ್ಟಿದ್ದ. ನಾನು ಫೋನಿನಲ್ಲೇ ಆ ಉರಿಯನ್ನು ಮತ್ತೆ ಹೊಟ್ಟೆಗೆ ಇಳಿಸಿದೆ. ಡಾಕ್ಟರು ನಕ್ಕರು, ಅಜ್ಜಿ ಹರಸಿದರು. ಇಂಥ ನಾಲ್ಕಾರು ಗೆಲುವುಗಳಿಂದ ನನ್ನ ತಲೆ ಸ್ವಲ್ಪ ತಿರುಗಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಒಂದು ಮಂಗಳವಾರ, ಹನ್ನೊಂದು ಗಂಟೆಯ ಹೊತ್ತು. ಹುಳಿ ಕುದಿಯುತ್ತಿತ್ತು, ಪಕ್ಕದ ಒಲೆಯಲ್ಲಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಫೋನ್ ಬಂತು.

“ಮೇಡಂ ಆ, ಯು ಸ್ಪೀಕ್ ಕನ್ನಡ, ರೈಟ್? ಫೈವ್ ಮಿನಿಟ್ಸ್ ಓನ್ಲಿ ಲಾ.”

ಹಡಗು ರಿಪೇರಿ ಮಾಡುವ ಒಂದು ಕಂಪನಿಯ ಆಫೀಸಿನವನಂತೆ. ಒಬ್ಬ ಕೆಲಸಗಾರ ಎದುರಿಗೆ ಕೂತಿದ್ದಾನೆ, ಅವನ ಭಾಷೆ ಯಾರಿಗೂ ಬರುವುದಿಲ್ಲ, ಅವನಿಗೆ ತಮಿಳೂ ಅಷ್ಟಕ್ಕಷ್ಟೆ, ಒಂದು ಕಾಗದ ಓದಿ ಹೇಳಬೇಕು. ಆಯ್ತು ಅಂದೆ. ಅವನು ಫೋನನ್ನು ಸ್ಪೀಕರಿಗೆ ಹಾಕಿ ಒಂದೊಂದೇ ವಾಕ್ಯ ಓದಿದ. ನಾನು ಒಂದೊಂದೇ ಕನ್ನಡಕ್ಕೆ ತಂದೆ.

“ನಿಮ್ಮ ಟ್ರೀಟ್‌ಮೆಂಟ್ ಮುಗಿದಿದೆ ಅಂತಿದಾರೆ.”

“ಹೂಂರಿ,” ಅಂದಿತು ಆ ಕಡೆಯ ದನಿ.

“ಯೆಸ್,” ಅಂದೆ ನಾನು.

“ಶನಿವಾರದ ಫ್ಲೈಟಲ್ಲಿ ಕಂಪನಿ ನಿಮ್ಮನ್ನ ಊರಿಗೆ ಕಳಿಸುತ್ತೆ.”

“ಹೂಂರಿ.”

“ಯೆಸ್.”

“ನೀವು ನಿಮ್ಮ ಇಷ್ಟದಿಂದಲೇ ಹೋಗ್ತಿದೀರಿ.”

ಇದಕ್ಕೆ ಹೂಂ ಬರುವುದು ಸ್ವಲ್ಪ ತಡವಾಯಿತು. ಆ ತಡ ನನ್ನ ಕಿವಿಗೆ ಬಿದ್ದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಅವರು “ಹೂಂ” ಅಂದರು, ನಾನು “ಯೆಸ್” ಅಂದೆ. ಕಂಪನಿಯ ಮೇಲೆ ಯಾವ ದೂರೂ ಇಲ್ಲ ಅನ್ನುವುದಕ್ಕೂ ಹಾಗೆಯೇ ಆಯಿತು. ಆಫೀಸಿನವನು ಮೂರು ಸಲ ಥ್ಯಾಂಕ್ಯೂ ಹೇಳಿದ. ನಾನು ಫೋನ್ ಇಟ್ಟು ಓಡಿಹೋಗಿ ಒಲೆ ಆರಿಸಿದೆ. ಸಂಜೆ ಗಂಡನಿಗೆ ಹೇಳಿಕೊಂಡು ಬೀಗಿದ್ದೂ ಆಯಿತು, ಇವತ್ತೂ ಒಬ್ಬರಿಗೆ ಸಹಾಯ ಮಾಡಿದೆ ಅಂತ.

ಮರುದಿನ ಸಂಜೆ ಬಾಗಿಲು ತಟ್ಟಿದವಳು ಪುತ್ತೂರಿನ ಕಡೆಯ ನರ್ಸ್. ಎರಡು ವರ್ಷದ ಕಾಂಟ್ರಾಕ್ಟಿನ ಮೇಲೆ ಬಂದಿದ್ದಳು. ರಜೆ ಇದ್ದ ಶನಿವಾರಗಳಲ್ಲಿ ನಮ್ಮ ಕ್ಲಾಸಿಗೆ ಬಂದು ಮಕ್ಕಳ ಜೊತೆ ಕೂತು ಉಪ್ಪಿಟ್ಟು ತಿಂದು ಹೋಗುವವಳು. ಅವತ್ತು ಡ್ಯೂಟಿಯಿಂದ ನೇರವಾಗಿ ಬಂದಿದ್ದಳು. ಕಾಫಿ ಬೇಡ ಅಂದಳು, ಕೂರಲೂ ಇಲ್ಲ.

“ಆಂಟಿ, ನಿನ್ನೆ ಕಂಪನಿ ಫೋನಲ್ಲಿ ಮಾತಾಡಿದ್ದು ನೀವಾ?”

“ಹೌದು. ಯಾಕೆ?”

“ಆ ವೆಲ್ಡರ್ ನಮ್ಮ ವಾರ್ಡಲ್ಲೇ ಇದ್ರು. ಇವತ್ತು ಡ್ರೆಸ್ಸಿಂಗ್‌ಗೆ ಬಂದು ಚಿಕ್ಕ ಮಗು ಥರ ಅಳ್ತಿದ್ರು. ಅವ್ರಿಗೆ ಇನ್ನೊಂದು ಆಪರೇಷನ್ ಇದೆ ಆಂಟಿ, ಮೂರು ವಾರ ಬಿಟ್ಟು. ಡಾಕ್ಟರ್ ಡೇಟ್ ಕೊಟ್ಟಿದಾರೆ. ಕಂಪನಿಯವ್ರು ನಿನ್ನೆ ಆ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಂಡಿದಾರೆ.”

ಹುಬ್ಬಳ್ಳಿ ಕಡೆಯ ಮನುಷ್ಯ. ಕಬ್ಬಿಣದ ತಟ್ಟೆಯೊಂದು ಜಾರಿ ಬಲಗೈಯ ಮೇಲೆ ಬಿದ್ದು ಬೆರಳುಗಳ ನರ ಕತ್ತರಿಸಿತ್ತು. ಮೊದಲ ಆಪರೇಷನ್ನಿನಲ್ಲಿ ಜೋಡಿಸಿದ್ದರು. ಎರಡನೆಯದರಲ್ಲಿ ಅಂಟಿಕೊಂಡದ್ದನ್ನು ಬಿಡಿಸಬೇಕು. ಅದು ಆಗದಿದ್ದರೆ ಬೆರಳು ಮಡಚುವುದಿಲ್ಲ, ಇಡೀ ಜನ್ಮಕ್ಕೆ. ಹಿಡಿಕೆ ಹಿಡಿದು ಬೆಸುಗೆ ಹಾಕುವ ಕೈ ಅದು.

“ಆದ್ರೆ ಅವರೇ ಒಪ್ಕೊಂಡ್ರಲ್ಲಮ್ಮ,” ಅಂದೆ. “ಒಂದೊಂದು ಮಾತಿಗೂ ಹೂಂ ಹೂಂ ಅಂದ್ರು.”

ಅವಳು ನನ್ನ ಮುಖ ನೋಡಿದಳು. “ಅವ್ರು ಕೇಳಿಸ್ಕೊಳ್ತಿದ್ರು ಆಂಟಿ, ಅಷ್ಟೆ.”

ನಾನು ಊಟದ ಮೇಜಿನ ಕುರ್ಚಿ ಎಳೆದು ಕೂತೆ. ಚಿಕ್ಕಂದಿನಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ಅವಳು ಕಥೆ ನಿಲ್ಲಿಸಿಬಿಡುತ್ತಿದ್ದಳು. ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ, ಹೂಂ. ಗುಹೆಯಲ್ಲಿ ಕೂಡಿಹಾಕಿದ, ಹೂಂ. ಅಂದರೆ ರಾಕ್ಷಸ ಮಾಡಿದ್ದು ಸರಿ ಅಂತಲೇ? ಕೇಳುತ್ತಿದ್ದೇನೆ, ಮುಂದೆ ಹೇಳು ಅಂತ. ಇದು ನಮ್ಮೂರಿನ ಎರಡು ವರ್ಷದ ಮಗುವಿಗೂ ಗೊತ್ತು. ತಮಿಳಿನವರು, ಚೀನಿಯವರು ತಪ್ಪು ತಿಳಿದಿದ್ದರೆ ಕ್ಷಮಿಸಬಹುದಿತ್ತು. ನಾನು ಕನ್ನಡದ ಟೀಚರ್! ಒಬ್ಬ ಕನ್ನಡದವನ ಹೂಂ ಅನ್ನು ಯೆಸ್ ಅಂತ ಬರೆಸಿ, ಅದರ ಕೆಳಗೆ ಅವನ ಎಡಗೈ ಹೆಬ್ಬೆಟ್ಟು ಒತ್ತಿಸಲು ದಾರಿ ಮಾಡಿಕೊಟ್ಟಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮಕ್ಕಳಿಗೆ ಕಾಪಿ ಬರೆಸುತ್ತಿದ್ದವಳು ನಾನೇ.

ಗುರುವಾರ ಬೆಳಿಗ್ಗೆ ಇಬ್ಬರೂ ಬೂನ್ ಲೇಗೆ ಹೋದೆವು. ಎಂಆರ್‌ಟಿಯ ಕೊನೆಯ ರೈಲು ಸ್ಟೇಷನ್, ಅಲ್ಲಿಂದ ಬಸ್ಸು, ಆಮೇಲೆ ಫ್ಯಾಕ್ಟರಿಗಳ ನಡುವೆ ನಡಿಗೆ. ಅಷ್ಟು ವರ್ಷದಿಂದ ಸಿಂಗಾಪುರದಲ್ಲಿದ್ದೂ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ತಗಡಿನ ಮಾಡಿನ ಉದ್ದನೆಯ ಕಟ್ಟಡ, ಒಳಗೆ ಎರಡಂತಸ್ತಿನ ಮಂಚಗಳ ಸಾಲು, ಮಂಚದಿಂದ ಮಂಚಕ್ಕೆ ಕಟ್ಟಿದ ಹಗ್ಗದಲ್ಲಿ ಒದ್ದೆ ಬನಿಯನ್ನುಗಳು. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಕೆಳಗಿನ ಮಂಚವೊಂದರಲ್ಲಿ ಅವರು ಒಬ್ಬರೇ ಕೂತಿದ್ದರು, ಬಲಗೈಯನ್ನು ಎದೆಗೆ ಕಟ್ಟಿಕೊಂಡು. ನನ್ನದೇ ವಯಸ್ಸು ಇರಬಹುದು. ನಮ್ಮನ್ನು ಕಂಡು ಎದ್ದು, ಎಡಗೈಯಿಂದ ಪೇಂಟಿನ ಡಬ್ಬಿ ಬೋರಲು ಹಾಕಿ, ಮೇಲೆ ಪೇಪರ್ ಹಾಸಿದರು.

“ಕೂಡ್ರಿ ಅಕ್ಕಾರ. ಇಷ್ಟ ದೂರ ಬಂದೀರಿ.”

ನಾನು ಯಾರು ಅಂತ ನರ್ಸ್ ಹೇಳಿದಳು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ತಲೆ ತಗ್ಗಿಸಿ ನಕ್ಕರು, ತಪ್ಪು ತಮ್ಮದೇ ಅನ್ನುವ ಹಾಗೆ.

“ದೊಡ್ಡವ್ರು ಮಾತಾಡುವಾಗ ಹೂಂ ಅನ್ನದ ಕುಂತ್ರ ಹೆಂಗ್ರಿ? ಈ ನರ್ಸ್ ಬಾಯಿಯವರನ್ನ ಬಿಟ್ರ, ಮೂರು ತಿಂಗಳ ಆದಮ್ಯಾಲ ಕನ್ನಡ ಕಿವಿಗೆ ಬಿತ್ತ್ರಿ, ಅದೂ ಹೆಣ್ಮಕ್ಕಳ ದನಿ. ಕೇಳ್ಕೋತ ಕುಂತೆ. ಎಲ್ಲಾ ಹೇಳಿ ಮುಗಿಸಿದ ಮ್ಯಾಲ ನೀ ಏನಂತೀಪಾ ಅಂತ ನನ್ನ ಕೇಳ್ತಾರ ಅಂದ್ಕೊಂಡಿದ್ದೆ.” ಕೈಯ ಪಟ್ಟಿ ಸರಿಮಾಡಿಕೊಳ್ಳುತ್ತ ಹೇಳಿದರು. “ನೀವು ಫೋನ್ ಇಟ್ಟ ಬಿಟ್ರಿ.”

ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಎಣ್ಣೆ ಕಾಯುತ್ತಿತ್ತು ಅಂತ ಅವರಿಗೆ ಹೇಗೆ ಹೇಳಲಿ?

ಪಟ್ಟಿಯ ಹೊರಗೆ ಬೆರಳ ತುದಿಗಳು ಕಾಣುತ್ತಿದ್ದವು, ಊದಿಕೊಂಡು, ಬಣ್ಣಗೆಟ್ಟು. ಮಡಿಸಿ ತೋರಿಸಲು ಹೋದರು. ಹೆಬ್ಬೆರಳು ಒಂದಿಷ್ಟು ಅಲುಗಿತು. ಉಳಿದ ನಾಲ್ಕು ಅಲುಗಲಿಲ್ಲ. “ನನ್ನ ವಿದ್ಯಾ ಎಲ್ಲಾ ಇದರಾಗ ಐತ್ರಿ ಅಕ್ಕಾರ,” ಅಂದರು. “ಇದೊಂದು ಆಪರೇಸನ್ ಆಗೂತನಾ ಇರಾಕ ಬಿಟ್ರ ಸಾಕ್ರಿ. ಆಮ್ಯಾಲ ಕಳಿಸ್ಲಿ, ನಾ ಹೋಗ್ತೀನಿ.”

ನನ್ನೊಳಗಿನ ಟೀಚರ್ ಆಗ ಎದ್ದು ನಿಂತಳು. ಇವರ ಈ ಹೂಂ ಅನ್ನು ಇವತ್ತೇ ಬಿಡಿಸಬೇಕು ಅಂತ ಹಟ ಬಂತು. “ನೋಡಿ, ಇನ್ನು ಶನಿವಾರದ ತನಕ ಆ ಕಂಪನಿಯವರು ಏನೇ ಕೇಳಲಿ, ಇಂಗ್ಲಿಷಲ್ಲಿ ಕೇಳಲಿ, ತಮಿಳಲ್ಲಿ ಕೇಳಲಿ, ಹೂಂ ಅನ್ಬೇಡಿ. ನೋ ಅನ್ನಿ. ಜೋರಾಗಿ ಅನ್ನಿ. ಎಲ್ಲಿ, ಹೇಳಿ ನೋಡೋಣ?”

“ನೋ ರಿ.”

“ರಿ ಬೇಡ. ಬರೀ ನೋ.”

“ನೋ… ರಿ.”

ನರ್ಸ್ ನಕ್ಕುಬಿಟ್ಟಳು, ನಾನೂ ನಕ್ಕೆ, ಅವರೂ ನಕ್ಕರು. ಮೂವರೂ ಆ ತಗಡಿನ ಮಾಡಿನ ಕೆಳಗೆ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಹತ್ತು ಸಲ ಹೇಳಿಸಿದೆ. ಹತ್ತನೆಯ ಸಲ ‘ರಿ’ ಉದುರಿಹೋಗಿ ಬರೀ ‘ನೋ’ ಉಳಿಯಿತು. ಬರುವಾಗ ನನ್ನ ವಿಳಾಸವನ್ನೂ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಅವರ ಶರ್ಟಿನ ಜೇಬಿಗೆ ನಾನೇ ಹಾಕಿದೆ.

ಅವತ್ತು ಸಂಜೆ ನಮ್ಮ ಹಾಲಿನಲ್ಲಿ ಹದಿನಾಲ್ಕು ಜನ ಸೇರಿದರು. ಬಾಗಿಲ ಹೊರಗೆ ಚಪ್ಪಲಿ, ಬೂಟುಗಳ ರಾಶಿ. ಯುಗಾದಿಗೆ ಹೋಳಿಗೆ ಹಂಚಿಕೊಳ್ಳುವ ಜನ, ಊರಿಂದ ಬರುವವರ ಕೈಯಲ್ಲಿ ಒಬ್ಬರಿಗೊಬ್ಬರು ಮೆಂತ್ಯದ ಹಿಟ್ಟು ತರಿಸಿಕೊಡುವ ಜನ. ನಾನು ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅನುವಾದ ತಪ್ಪಾಗಿದೆ, ಈತ ಒಪ್ಪಿಲ್ಲ, ಆಪರೇಷನ್ ಆಗುವ ತನಕ ಇರಲು ಬಿಡಿ, ಅಲ್ಲಿಯ ತನಕ ನಮ್ಮ ಮನೆಗಳಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತೇವೆ ಅಂತ ಒಂದು ಪತ್ರ ಬರೆದು, ಎಲ್ಲರೂ ಸಹಿ ಹಾಕಿ, ನಾಳೆ ಬೆಳಿಗ್ಗೆ ಕಾರ್ಮಿಕರ ಅಹವಾಲು ಕೇಳುವ ಸರ್ಕಾರಿ ಕಚೇರಿಗೆ ಕೊಡೋಣ ಅಂದೆ.

ಎಲ್ಲರ ಕಣ್ಣೂ ಬ್ಯಾಂಕಿನ ಅಂಕಲ್ ಮೇಲೆ. ನಮ್ಮೆಲ್ಲರಿಗಿಂತ ಮೊದಲು ಬಂದು ನೆಲೆಯೂರಿ, ಕಾಂಡೋ ಅನ್ನುವ ದುಬಾರಿ ವಸತಿಯಲ್ಲಿ ಮನೆ ಮಾಡಿದ ಹಿರಿಯರು. ಅವರು ಹೇಳಿದರೆ ನಮ್ಮವರಲ್ಲಿ ಅದೇ ತೀರ್ಮಾನ.

“ನೋಡಮ್ಮ,” ಅಂದರು ಅಂಕಲ್ ಮೆಲ್ಲಗೆ. “ಸಿಂಪಥಿ ಎಲ್ಲಾರ್ಗೂ ಇದೆ. ಆದ್ರೆ ನಾವು ಇಲ್ಲಿ ಗೆಸ್ಟ್ಸ್. ಗೆಸ್ಟ್ಸ್ ಕಂಪ್ಲೇಂಟ್ ಮಾಡಲ್ಲ. ಪ್ರತಿಯೊಬ್ಬರದ್ದೂ ಏನೋ ಒಂದು ಅಪ್ಲಿಕೇಷನ್ ಎಲ್ಲೋ ಪೆಂಡಿಂಗ್ ಇದೆ.”

“ಗೆಸ್ಟಿಗೆ ಕೈ ಮುರಿದ್ರೆ ಮನೆಯವರು ಬಸ್ ಹತ್ತಿಸಿ ಕಳಿಸಿಬಿಡ್ತಾರಾ ಅಂಕಲ್?” ನನ್ನ ಬಾಯಿಗೆ ಬೀಗ ಇಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದುದು ಸುಳ್ಳಲ್ಲ.

ಅಷ್ಟರಲ್ಲಿ ನನ್ನ ಗಂಡ ಅಡುಗೆಮನೆಗೆ ಕರೆದರು. “ನಮ್ಮ ಪಿಆರ್ ಪೇಪರ್ಸ್ ಹೋಗಿ ನಾಲ್ಕು ತಿಂಗಳಾಯ್ತು. ಸೈನ್ ಮಾಡೋಕೆ ಮುಂಚೆ ಒಂದ್ಸಲ ಯೋಚ್ನೆ ಮಾಡು.” ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮಗಳ ಸ್ಕೂಲು, ಮನೆ, ಎಲ್ಲ ಇಲ್ಲಿ ಕಾಯಂ ಆಗಿ ನೆಲೆಸಲು ಬಿಡುವ ಆ ಕಾಗದದ ಮೇಲೆ ನಿಂತಿತ್ತು. ನನಗೂ ಭಯವಾಯಿತು. ಆದರೆ ‘ನೀವು ಫೋನ್ ಇಟ್ಟ ಬಿಟ್ರಿ’ ಅಂದದ್ದು ಕಿವಿಯಲ್ಲೇ ಇತ್ತು.

ಹಾಲಿಗೆ ವಾಪಸು ಬಂದಾಗ ನರ್ಸ್ ಖಾಲಿ ಹಾಳೆಯ ಕೆಳಗೆ ಸಹಿ ಹಾಕಿ ಮುಗಿಸಿದ್ದಳು. ಪತ್ರ ಇನ್ನೂ ಬರೆದೇ ಇರಲಿಲ್ಲ! ಆಮೇಲೆ ಚೋವಾ ಚು ಕಾಂಗ್‌ನಲ್ಲಿ ಒಂದೇ ಫ್ಲ್ಯಾಟು ಹಂಚಿಕೊಂಡಿದ್ದ ಇಬ್ಬರು ಕಂಪ್ಯೂಟರಿನವರು ಸಹಿ ಹಾಕಿದರು. ಅವರ ಪಾಸು ಮುಂದಿನ ತಿಂಗಳು ರಿನ್ಯೂ ಆಗಬೇಕಿತ್ತು. ಪಾಸು ರದ್ದಾದರೆ ಗಂಟುಮೂಟೆ ಕಟ್ಟಬೇಕಾದವರು ಮೊದಲು ಪೆನ್ನು ಎತ್ತಿದರು. ಗಟ್ಟಿಯಾಗಿ ಬೇರು ಬಿಟ್ಟವರು ಮೀನಮೇಷ ಎಣಿಸುತ್ತ ಕೂತರು. ನನಗೆ ಕೋಪ ಬಂತು, ಆಮೇಲೆ ನಾಚಿಕೆಯಾಯಿತು, ಯಾಕೆಂದರೆ ಅಡುಗೆಮನೆಯಲ್ಲಿ ನಾನೂ ಎಣಿಸಿದ್ದೆ. ನಾನು ಸಹಿ ಹಾಕಿದೆ. ನನ್ನ ಗಂಡ ಬಂದು ನನ್ನ ಹೆಸರಿನ ಪಕ್ಕದಲ್ಲಿ ತಮ್ಮ ಹೆಸರು ಬರೆದರು. ಕೊನೆಗೆ ಒಂಬತ್ತು ಸಹಿ ಆಯಿತು. ಅಂಕಲ್ ಪತ್ರದ ಇಂಗ್ಲಿಷ್ ತಿದ್ದಿಕೊಟ್ಟರು, ಕಾಮಾ ಸಮೇತ. ಸಹಿ ಹಾಕದೆ ಹೋದರು.

ಶುಕ್ರವಾರ ಏಳು ಗಂಟೆಗೆ ಅವರದೇ ಫೋನ್. “ಕೆಳಗೆ ಬಾಮ್ಮ.” ಹೋದರೆ ಅಂಕಲ್ ಕಾರಿನ ಪಕ್ಕ ನಿಂತಿದ್ದಾರೆ, ಶರ್ಟಿನ ಗುಂಡಿ ಮೇಲೆ ಕೆಳಗಾಗಿದೆ. “ಕಣ್ಣು ಮುಚ್ಚಿದ್ರೆ ಸಾಕು ಆ ಕೈಯೇ ಬರ್ತಿತ್ತು. ಎಲ್ಲಿ, ಕೊಡು,” ಅಂತ ಪತ್ರವನ್ನು ಕಾರಿನ ಮೂತಿಯ ಮೇಲಿಟ್ಟು ಹತ್ತನೆಯ ಸಹಿ ಹಾಕಿದರು. ಬ್ಯಾಂಕಿಗೆ ರಜೆ ಹೇಳಿ ನನ್ನನ್ನು ಕಚೇರಿಗೆ ಕರೆದುಕೊಂಡು ಹೋದರು. ಹಿಂದಿನ ದಿನ ಅವರನ್ನು ಮನಸ್ಸಿನಲ್ಲೇ ಏನೇನು ಬೈದಿದ್ದೆನೋ, ಎಲ್ಲ ವಾಪಸು ತೆಗೆದುಕೊಂಡೆ.

ಟೋಕನ್ ಹಿಡಿದು ಹನ್ನೊಂದೂವರೆಯ ತನಕ ಕಾದೆವು. ನಮ್ಮ ಪತ್ರ ಓದಿದ ಅಧಿಕಾರಿ ಕನ್ನಡಕ ಹಾಕಿದ ಚೀನೀ ಹೆಂಗಸು. ಎರಡು ಸಲ ಓದಿದರು. ಹೂಂ ಅಂದರೆ ಏನು ಅಂತ ನಾನು ವಿವರಿಸಿದೆ. ಇಂಗ್ಲಿಷಿನಲ್ಲಿ ಹೂಂ ಅನ್ನು ವಿವರಿಸುವ ಕಷ್ಟ ಶತ್ರುವಿಗೂ ಬೇಡ. ಅಜ್ಜಿಯ ಕಥೆಯನ್ನೂ ಹೇಳಿದೆ. ನಾನು ಹೇಳುತ್ತಿದ್ದ ಹಾಗೆ ಆಕೆ “ಆ… ಆ…” ಅನ್ನುತ್ತಿದ್ದರು. ತಟ್ಟನೆ ನಿಲ್ಲಿಸಿ, “ಓ, ಲೈಕ್ ದಿಸ್ ಆ?” ಅಂದರು.

“ಎಕ್ಸಾಕ್ಟ್ಲಿ ಲೈಕ್ ದಟ್!” ಅಂತ ನಾನು ಕೂಗಿಯೇಬಿಟ್ಟೆ.

ಆಕೆ ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಎರಡು ಗಂಟೆಗೆ ಆತನನ್ನು ಕರೆದುಕೊಂಡು ಬನ್ನಿ, ಆತನ ಬಾಯಿಂದಲೇ ಕೇಳಬೇಕು, ಕೇಳಿದ ಮೇಲೆ ನಾಳೆಯ ಪ್ರಯಾಣ ತಡೆಹಿಡಿಯಬಹುದು ಅಂದರು. ನಾನು ಅಂಕಲ್ ಮುಖ ನೋಡಿದೆ. ಅವರ ಕಣ್ಣು ತುಂಬಿತ್ತು. ನರ್ಸ್‌ಗೆ ಫೋನ್ ಮಾಡಿದೆವು. ಅವಳಿಗೆ ಅವತ್ತು ಮಧ್ಯಾಹ್ನದ ಮೇಲೆ ಡ್ಯೂಟಿ. ಅದನ್ನು ಬೇರೆಯವರಿಗೆ ಬದಲಾಯಿಸಿ ಬೂನ್ ಲೇಗೆ ಟ್ಯಾಕ್ಸಿ ಹಿಡಿದಳು. ನಾವು ಕಚೇರಿಯ ಎದುರಿನ ಹಾಕರ್ ಸೆಂಟರಿನ ಊಟದಂಗಡಿಗಳ ನಡುವೆ ಕೂತು ಟೀ ಕುಡಿದೆವು. ಆತ ನಮ್ಮ ಮನೆಯಲ್ಲಿ ಇರಲಿ, ಮಗಳ ರೂಮು ಬಿಟ್ಟುಕೊಡುತ್ತೇನೆ ಅಂತ ನಾನು, ಇಲ್ಲ, ನಮ್ಮ ಮನೆಯಲ್ಲಿ ಗೆಸ್ಟ್ ರೂಮೇ ಖಾಲಿ ಇದೆ ಅಂತ ಅಂಕಲ್. ಬೀಗರ ಮನೆಯ ಉಪಚಾರದ ಹಾಗೆ ವಾದ ಮಾಡಿದೆವು.

ಒಂದು ಗಂಟೆಗೆ ಅಂಕಲ್ ಮೊಬೈಲ್ ಹೊಡೆದುಕೊಂಡಿತು. ಅವರು ಕೇಳಿ, ನನ್ನ ಕೈಗೆ ಕೊಟ್ಟರು.

“ಆಂಟಿ, ಬೆಡ್ ಖಾಲಿ ಇದೆ.” ನರ್ಸ್ ದನಿ ಒಡೆದಿತ್ತು. “ಚಾಪೆ ಸುತ್ತಿಟ್ಟಿದಾರೆ. ಬೆಳಿಗ್ಗೆ ಎಂಟಕ್ಕೇ ವ್ಯಾನ್ ಬಂತಂತೆ. ಶನಿವಾರ ಅಲ್ಲ ಆಂಟಿ. ಇವತ್ತೇ. ಮದ್ರಾಸ್ ಫ್ಲೈಟು, ಹನ್ನೆರಡಕ್ಕೆ.”

ನಾನು ರಸ್ತೆ ದಾಟಿ ಓಡಿ ಆ ಅಧಿಕಾರಿಯ ಮುಂದೆ ನಿಂತೆ. ಆಕೆ ಊಟದ ಡಬ್ಬಿ ಬದಿಗಿಟ್ಟು ಫೋನ್ ಎತ್ತಿದರು, ಮೂರು ಕಡೆ ಮಾತಾಡಿದರು. ವಿಮಾನ ಹೊರಟು ಒಂದು ಗಂಟೆಯಾಗಿತ್ತು. “ಸಾರಿ ಆ,” ಅಂದರು ಆಕೆ, ನನ್ನ ಕೈ ಮುಟ್ಟಿ. ಆಕೆ ಮನಸ್ಸಿನಿಂದಲೇ ಹೇಳಿದರು. ಅದರಿಂದ ಏನೂ ಆಗುವಂತಿರಲಿಲ್ಲ.

ಆದರೂ ನಾವು ವಿಮಾನ ನಿಲ್ದಾಣಕ್ಕೆ ಹೋದೆವು. ಯಾಕೆ ಅಂತ ಕೇಳಬೇಡಿ. ಅಂಕಲ್ ಕಾರು ತಿರುಗಿಸಿದರು, ನಾನು ಪಕ್ಕದಲ್ಲಿ ಕೂತೆ. ಹೊರಡುವ ವಿಮಾನಗಳ ಬೋರ್ಡಿನಲ್ಲಿ ಮದ್ರಾಸಿನ ಹೆಸರು ಕೂಡ ಇರಲಿಲ್ಲ, ಸಂಜೆಯ ವಿಮಾನಗಳು ಬಂದುಬಿಟ್ಟಿದ್ದವು. ಬ್ಯಾಂಕಿನಲ್ಲಿ ನೂರು ಜನರ ಮೇಲೆ ಅಧಿಕಾರ ನಡೆಸುವ ಆ ಮನುಷ್ಯ ಒಂದು ಟ್ರಾಲಿ ಹಿಡಿದುಕೊಂಡು ನಿಂತು, “ನಿನ್ನೆ ರಾತ್ರಿನೇ ಸೈನ್ ಮಾಡಿ, ಅವನನ್ನ ಮನೆಗೆ ಕರ್ಕೊಂಡು ಬಂದ್ಬಿಡ್ಬೇಕಿತ್ತು ಕಣಮ್ಮ” ಅಂತ ಅತ್ತರು. ನಾನು ಸಮಾಧಾನ ಹೇಳಲಿಲ್ಲ. ನನ್ನಲ್ಲಿ ಇರಲಿಲ್ಲ.

ಆಮೇಲೆ ನಮ್ಮವರು ಎಚ್ಚೆತ್ತುಕೊಂಡರು ಅಂತ ಹೇಳಬೇಕು. ನರ್ಸ್ ಒಂದು ಪಟ್ಟಿ ಮಾಡಿದಳು, ಯಾವ ದಿನ ಯಾರ ಮನೆಗೆ ಫೋನ್ ಮಾಡಬಹುದು, ಯಾರ ಮನೆಯಲ್ಲಿ ಒಬ್ಬರಿಗೆ ಮಲಗಲು ಜಾಗ ಇದೆ ಅಂತ. ಭಾನುವಾರಗಳಲ್ಲಿ ಸರದಿಯ ಮೇಲೆ ಬೂನ್ ಲೇ ಕಡೆಗೆ ಊಟ ತೆಗೆದುಕೊಂಡು ಹೋಗಿ, ಕನ್ನಡದವರು ಇದ್ದೀರಾ ಅಂತ ಕೇಳಿ ಬರುತ್ತಿದ್ದೆವು. ಅವತ್ತು ಸಹಿ ಹಾಕದೆ ಎದ್ದು ಹೋದ ನಾಲ್ವರೂ ಆ ಪಟ್ಟಿಯಲ್ಲಿ ಹೆಸರು ಬರೆಸಿದರು. ಫೋನಿನಲ್ಲಿ ಯಾರೇ ಅನುವಾದ ಕೇಳಿದರೂ ನಾನು ಮೊದಲು ಹೇಳುತ್ತಿದ್ದುದು ಒಂದೇ: ಈತ ಹೂಂ ಅಂದರೆ ಅದು ಯೆಸ್ ಅಲ್ಲ, ಕೊನೆಯಲ್ಲಿ ನಾನು ಕೇಳುವ ತನಕ ತಾಳಿ. ಹಲವರಿಗೆ ಅದರಿಂದ ಒಳ್ಳೆಯದೂ ಆಯಿತು. ನಮ್ಮ ಪಿಆರ್ ಕೂಡ ಬಂತು. ಹೆದರಿದ್ದೆಲ್ಲ ಸುಮ್ಮನೆ ಹೆದರಿದ್ದು.

ಎರಡು ತಿಂಗಳ ಮೇಲೆ ಊರಿಂದ ಒಂದು ಕಾಗದ ಬಂತು. ವಿಳಾಸ ನಾನು ಚೀಟಿಯಲ್ಲಿ ಬರೆದುಕೊಟ್ಟ ಹಾಗೆಯೇ ಇತ್ತು. ಒಳಗಿನ ಅಕ್ಷರಗಳು ದೊಡ್ಡದಾಗಿ, ಒಂದರ ಮೇಲೊಂದು ವಾಲಿಕೊಂಡು, ನಮ್ಮ ಕ್ಲಾಸಿಗೆ ಹೊಸದಾಗಿ ಸೇರಿದ ಮಕ್ಕಳ ಅಕ್ಷರದ ಹಾಗಿದ್ದವು. ‘ಎಡಗೈಲೆ ಬರದೀನಿ ಅಕ್ಕಾರ, ತಪ್ಪಿದ್ದರ ತಿದ್ದಿ ಓದ್ರಿ’ ಅಂತ ಶುರುವಾಗಿತ್ತು. ನರ್ಸ್ ಬಾಯಿಯವರಿಗೆ ನಮಸ್ಕಾರ, ಮನೆಯವರಿಗೆ ನಮಸ್ಕಾರ. ಆಮೇಲೆ ಇದು:

‘ವಿಮಾನ ನಿಲ್ದಾಣದ ಬಾಗಲದಾಗ ಕಂಪನಿ ಸಾಹೇಬ ಮತ್ತ ಒಂದು ಕಾಗದ ಹಿಡಕೊಂಡು ಕೇಳಿದ. ಇನ್ನೊಬ್ಬನ್ನ ಸಾಕ್ಷಿ ನಿಂದರಿಸಿದ್ದ. ಎನಿ ಅಬ್ಜೆಕ್ಸನ್ ಎನಿ ಅಬ್ಜೆಕ್ಸನ್ ಅಂತ ಎರಡು ಸಲ ಕೇಳಿದ. ನಾ ಹೂಂ ಅನ್ನಲಿಲ್ಲ ಅಕ್ಕಾರ. ನೀವು ಕಲಿಸಿದಂಗ ನೋ ಅಂದೆ. ಜೋರ ಅಂದೆ. ರಿ ಹಚ್ಚಲಿಲ್ಲ. ಸಾಹೇಬ ನಕ್ಕು ಬೆನ್ನ ತಟ್ಟಿ ಒಳಗ ಕಳಿಸಿಬಿಟ್ಟ. ನೋ ಅಂದರೂ ಯಾಕ ಕಳಿಸಿದ್ರು ಅಂಬೋದು ನನಗ ತಿಳಿಯವಲ್ದು. ನಾ ಅಂದದ್ದರಾಗ ಏನರ ತಪ್ಪಿತ್ತೇನ್ರಿ?’

ಆಕ್ಷೇಪಣೆ ಏನಾದರೂ ಇದೆಯೇ? ಇಲ್ಲ. ಜೋರಾಗಿ, ಸಾಕ್ಷಿಯ ಎದುರಿಗೆ, ನಾನು ಹತ್ತು ಸಲ ತಿದ್ದಿ ತೀಡಿದ ಉಚ್ಚಾರದಲ್ಲಿ. ಕಾಗದ ಹಿಡಿದುಕೊಂಡು ನಾನು ಲಿಫ್ಟಿನಲ್ಲಿ ಕೆಳಗೆ ಹೋದೆ, ಮೇಲೆ ಬಂದೆ, ಮತ್ತೆ ಕೆಳಗೆ ಹೋದೆ. ಮನೆಯೊಳಗೆ ಹೋಗಲು ಆಗಲಿಲ್ಲ. ಮೊದಲ ಸಲ ಅವರ ಹೂಂ ಅನ್ನು ಕದ್ದಿದ್ದೆ. ಎರಡನೆಯ ಸಲ ನನ್ನ ಜಾಣತನದ ನೋ ಕೊಟ್ಟು ಕಳಿಸಿದ್ದೆ. ಅವರ ಮಾತು ಅವರದ್ದಾಗಿರಲು ನಾನು ಒಂದು ಸಲವೂ ಬಿಟ್ಟಿರಲಿಲ್ಲ.

ಕಾಗದದ ಕೊನೆಯಲ್ಲಿ ಅವರ ಓಣಿಯ ಕಿರಾಣಿ ಅಂಗಡಿಯ ಫೋನ್ ನಂಬರ್ ಇತ್ತು. ಒಂದು ವಾರ ಧೈರ್ಯ ಬರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಒಲೆಯ ಮೇಲೆ ಏನೂ ಇಲ್ಲ ಅಂತ ನೋಡಿಕೊಂಡು, ಫೋನ್ ಮಾಡಿದೆ. ಅಂಗಡಿಯವರು ಕೂಗಿ ಕರೆಸಿದರು. ಅವರು ಓಡಿ ಬಂದ ಏದುಸಿರು ಕೇಳಿಸಿತು.

“ಅಕ್ಕಾರ!”

ಕೈ ಹೇಗಿದೆ ಅಂತ ಕೇಳಿದೆ. ಹುಬ್ಬಳ್ಳಿಯ ದವಾಖಾನೆಯಲ್ಲಿ ತೋರಿಸಿದ್ದರಂತೆ. ತಡ ಆಯಿತು, ಇನ್ನು ಬಿಡಿಸಲು ಬರುವುದಿಲ್ಲ ಅಂದರಂತೆ. “ಕಟಿಗಿ ಆಗೇತ್ರಿ,” ಅಂದರು, ಬೇರೆ ಯಾರದೋ ಕೈಯ ಸುದ್ದಿ ಹೇಳುವ ಹಾಗೆ. ನಾನು ಬಾಯಿಪಾಠ ಮಾಡಿಕೊಂಡಿದ್ದನ್ನೆಲ್ಲ ಹೇಳಿದೆ. ಅಬ್ಜೆಕ್ಷನ್ ಅಂದರೆ ಏನು ಅಂತ. ಅದಕ್ಕೆ ನೋ ಅಂದರೆ ಏನಾಯಿತು ಅಂತ. ತಪ್ಪು ಅವರದ್ದಲ್ಲ, ಕಲಿಸಿದ ನನ್ನದು ಅಂತ. ಅವತ್ತು ಹತ್ತು ಜನ ಸಹಿ ಹಾಕಿದ್ದೆವು, ಎರಡು ಗಂಟೆಗೆ ನಿಮ್ಮ ಮಾತು ಕೇಳುತ್ತೇವೆ ಅಂದಿದ್ದರು, ಇಬ್ಬರ ಮನೆಯಲ್ಲಿ ನಿಮಗೆ ಹಾಸಿಗೆ ಸಿದ್ಧವಿತ್ತು ಅಂತ. ಒಂದೊಂದು ಮಾತಿಗೂ ಆ ಕಡೆಯಿಂದ ಬರುತ್ತಿತ್ತು, “ಹೂಂರಿ… ಹೂಂರಿ…”

ಎಲ್ಲ ಮುಗಿದ ಮೇಲೆ, ಆ ಮಂಗಳವಾರ ಕೇಳದೆ ಬಿಟ್ಟದ್ದನ್ನು ಕೇಳಿದೆ. “ನಾನು ಹೇಳೋದೆಲ್ಲ ಮುಗೀತು. ಈಗ ನೀವು ಹೇಳಿ. ನೀವೇನಂತೀರಿ?”

ಅಂಗಡಿಯಲ್ಲಿ ಯಾರೋ ಬೆಲ್ಲ ಕೇಳುತ್ತಿದ್ದರು. ತಕ್ಕಡಿಯ ಸದ್ದು ಬಂತು.

“ಅವತ್ತ ಕೇಳಿದ್ದರ ಹೇಳ್ತಿದ್ದೆ ಅಕ್ಕಾರ,” ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ. “ಈಗ ಏನ್ ಹೇಳ್ಲಿ?”

ನಾನು ಹೂಂ ಅಂದೆ.